ಸಿಕ್ಕಿದರೂ ಅಲ್ಲೇ ಇರಲಿ

ನಮ್ಮ ಮನೆ ಇದ್ದದ್ದು ಹೊನ್ನಾವರದ ದಕ್ಷಿಣಕ್ಕೆ, ಅಪ್ಸರಕೊಂಡದ ಗುಡ್ಡ ಇಳಿದು ಸಮುದ್ರ ಮುಟ್ಟುವ ಕಡೆ. ಅಪ್ಪ ರಂಪಣಿ ಬಲೆಯ ಪಾಲುದಾರರಲ್ಲೊಬ್ಬ. ರಂಪಣಿ ಒಬ್ಬಿಬ್ಬರಿಂದ ಆಗುವ ಬಲೆಯಲ್ಲ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧಚಂದ್ರನ ಹಾಗೆ ಬಿಟ್ಟು ಬಂದ ಮೇಲೆ, ಊರಿಗೆ ಊರೇ ದಂಡೆಯಲ್ಲಿ ನಿಂತು ಎರಡೂ ಕಡೆಯ ಹಗ್ಗ ಎಳೆಯಬೇಕು. ಬಂಗಡೆ ಬಂದ ದಿನ ಶಾಲೆಯಲ್ಲಿ ಮಕ್ಕಳೇ ಇರುತ್ತಿರಲಿಲ್ಲ. ಮಾಸ್ತರರು ಅದನ್ನು ಕೇಳುತ್ತಲೂ ಇರಲಿಲ್ಲ, ಸಂಜೆ ಅವರ ಮನೆಗೂ ಮೀನು ಹೋಗುತ್ತಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ಹೊನ್ನಾವರದ ಬಂದರಿಗೆ ಡೀಸೆಲ್ ಬೋಟುಗಳು ಬಂದವು. ನಾನಾಗ ಕುಮಟೆಯಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದ್ದೆ. ರಜೆಗೆ ಊರಿಗೆ ಬಂದಾಗಲೆಲ್ಲ ಅದೇ ಮಾತು: ಬೋಟಿನವರು ಆಳದಲ್ಲೇ ಬಲೆ ಎಳೆಯುತ್ತಾರೆ, ಬಂಗಡೆ ದಂಡೆ ತನಕ ಬರುವುದೇ ಇಲ್ಲ. ರಂಪಣಿಯವರಿಗೂ ಬೋಟಿನವರಿಗೂ ನೀರಿನ ಮೇಲೇ ಹೊಡೆದಾಟವಾಯಿತು. ಪೊಲೀಸರು ಬಂದರು, ಪಂಚಾಯ್ತಿಕೆ ನಡೆಯಿತು. ಯಾರು ಗೆದ್ದರೆಂದು ಯಾರಿಗೂ ಸರಿಯಾಗಿ ತಿಳಿಯುವ ಮೊದಲೇ ರಂಪಣಿಯ ಬಲೆ ಚಪ್ಪರ ಸೇರಿತು. ಎಳೆಯುವ ಕೈಗಳಲ್ಲಿ ಕೆಲವು ಬೋಟಿಗೆ ಹೋದವು, ಕೆಲವು ಗೋವೆಗೆ, ಇನ್ನು ಕೆಲವು ಬೊಂಬಾಯಿಗೆ.

ಅಣ್ಣ ಬೊಂಬಾಯಿಗೆ ಹೋದ. ಆಗ ಅವನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅತ್ತಿಗೆ ಧಾರೇಶ್ವರದ ಕಡೆಯವಳು. ನನ್ನ ಓರಗೆಯವಳೇ ಆದ್ದರಿಂದ ಒಬ್ಬರಿಗೊಬ್ಬರು ನೀನು ಎಂದೇ ಮಾತಾಡುತ್ತಿದ್ದೆವು. ಅಣ್ಣ ಮೊದಲು ಸಾಮಾನು ಸಾಗಿಸುವ ಹಡಗಿನಲ್ಲಿ ಇದ್ದ. ಬೊಂಬಾಯಿಯಿಂದಾಚೆ ನಡು ಸಮುದ್ರದಲ್ಲಿ ಎಣ್ಣೆ ತೆಗೆಯುವ ಕಟ್ಟೆಗಳು ಎದ್ದಿದ್ದವು. ಅಲ್ಲಿಗೆ ಅಕ್ಕಿ, ತರಕಾರಿ, ಕುಡಿಯುವ ನೀರು ಒಯ್ಯುವುದು ಅವರ ಕೆಲಸ. ಮುಂದೆ ಅಂಥ ಒಂದು ಕಟ್ಟೆಯ ಮೇಲೆಯೇ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಕಬ್ಬಿಣದ ಕಾಲುಗಳ ಮೇಲೆ ನಿಂತ ಊರು ಅದು ಎನ್ನುತ್ತಿದ್ದ. ನಾಲ್ಕೂ ಕಡೆ ನೀರು, ಕಾಲಿಟ್ಟಲ್ಲೆಲ್ಲ ಎಂಜಿನ್ನಿನ ನಡುಕ.

ಮೊದಲ ಸಲ ಅಲ್ಲಿಂದ ರಜೆಗೆ ಬಂದದ್ದು ಮಳೆಗಾಲದಲ್ಲಿ. ಬೆಳಿಗ್ಗೆ ಬಂದಿಳಿದಾಗ ಅವ್ವ ಮನೆಯಲ್ಲಿರಲಿಲ್ಲ, ಹೊನ್ನಾವರದಲ್ಲಿ ಚಿಮಣಿ ಎಣ್ಣೆಯ ಸಾಲಿನಲ್ಲಿ ನಿಂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸೊಂಟದವರೆಗೆ ನೆನೆದು, ಖಾಲಿ ಡಬ್ಬಿ ಹಿಡಿದು ಬಂದಳು. ಅವಳ ಸರದಿ ಬರುವಾಗ ಎಣ್ಣೆ ಮುಗಿದಿತ್ತು. ಹಸಿ ಸೌದೆ ಊದಿ ಊದಿ ಅತ್ತಿಗೆಯ ಕಣ್ಣು ಕೆಂಪಾಗಿತ್ತು. ಊಟ ಮಾಡುತ್ತ ಅಣ್ಣ ಆ ಕಟ್ಟೆಯ ಸುದ್ದಿ ಹೇಳಿದ. ಅದರ ಪಕ್ಕಕ್ಕೆ ಉದ್ದಕ್ಕೆ ಚಾಚಿದ ಕೊಳವೆ ಇದೆಯಂತೆ. ಅದರ ತುದಿಯಲ್ಲಿ ಹಗಲು-ರಾತ್ರಿ ಬೆಂಕಿ ಉರಿಯುತ್ತದಂತೆ, ತೆಂಗಿನ ಮರದಷ್ಟು ಎತ್ತರಕ್ಕೆ. ಮಳೆ ಬಂದರೂ ನಂದುವುದಿಲ್ಲವಂತೆ.

ಅವ್ವ ತಟ್ಟೆಗೆ ಅನ್ನ ಹಾಕುತ್ತಿದ್ದವಳು ನಿಂತು ಕೇಳಿದಳು, "ಆ ಬೆಂಕಿಲಿ ಎಂತ ಬೇಯಿಸ್ತ್ರು?"

"ಎಂತದೂ ಇಲ್ಲ, ಅವ್ವ. ಎಣ್ಣೆ ಜೊತೆಗೆ ಗ್ಯಾಸ್ ಬತ್ತದೆ. ಅದನ್ನ ದಂಡೆಗೆ ತರೂಕೆ ಇನ್ನೂ ವ್ಯವಸ್ಥೆ ಆಗಿಲ್ಲ. ಸುಮ್ಮನೆ ಬಿಟ್ರೆ ಅಪಾಯ. ಅದಕ್ಕೆ ಸುಡೂದು."

"ಸುಮ್ಮನೆ?"

"ಸುಮ್ಮನೆ."

ಅವ್ವ ಅನ್ನದ ಪಾತ್ರೆ ಕೆಳಗಿಟ್ಟಳು. ಒಲೆಯ ಮುಂದೆ ಕೂತು ಒದ್ದೆ ಸೌದೆಯನ್ನು ಒಂದೊಂದಾಗಿ ಗೋಡೆಗೆ ಒರಗಿಸಿ ಒಣಗಲು ಇಟ್ಟಳು.

ಅವನು ಹೇಳಿದ ಇನ್ನೊಂದು ಸಂಗತಿ ನನಗೆ ಬಹಳ ದಿನ ತಲೆಯಲ್ಲಿ ಉಳಿಯಿತು. ಗಾಳಿ ದಿಕ್ಕು ತಿರುಗುವ ಕಾಲದಲ್ಲಿ ದೂರದಿಂದ ಹಾರಿ ಬರುವ ಸಣ್ಣ ಹಕ್ಕಿಗಳು ಆ ಬೆಂಕಿಯನ್ನು ಸುತ್ತುತ್ತವಂತೆ. ಬಿಟ್ಟು ಹೋಗಲು ತಿಳಿಯದೆ ಸುತ್ತಿ ಸುತ್ತಿ, ಸುಸ್ತಾಗಿ, ಕಟ್ಟೆಯ ಮೇಲೆ ಬೀಳುತ್ತವಂತೆ. ಬೆಳಿಗ್ಗೆ ಅಡುಗೆಮನೆಯ ಹೊರಗೆ ಬಿದ್ದದ್ದನ್ನು ಗುಡಿಸಿ ಸಮುದ್ರಕ್ಕೆ ಹಾಕುವುದು ಅಣ್ಣನ ಪಾಲಿನ ಕೆಲಸ. ಜೀವವಿದ್ದ ಒಂದನ್ನು ಬುಟ್ಟಿಯ ಕೆಳಗೆ ಇಟ್ಟು ಅಕ್ಕಿ ನುಚ್ಚು ಹಾಕಿದನಂತೆ. ಅದು ತಿನ್ನಲಿಲ್ಲ ಎಂದ. ಹೇಳುವಾಗ ಅವನ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಒಂದು ಮುಜುಗರವಿತ್ತು, ಗಂಡಸು ಇಂಥದ್ದನ್ನೆಲ್ಲ ಹೇಳಬಾರದೇನೋ ಎಂಬಂತೆ.

ಆ ವರ್ಷಗಳಲ್ಲೇ ನಮ್ಮ ದಂಡೆಗೆ ಡಾಂಬರಿನ ಉಂಡೆಗಳು ಬರತೊಡಗಿದವು. ಮಳೆಗಾಲ ಹಿಡಿಯುವ ಹೊತ್ತಿಗೆ, ತೆರೆಯ ಗೆರೆಯುದ್ದಕ್ಕೂ ಕಪ್ಪಗೆ, ಕೆಲವು ಗೇರುಬೀಜದಷ್ಟು, ಕೆಲವು ತೆಂಗಿನಕಾಯಿಯಷ್ಟು. ಮಕ್ಕಳ ಅಂಗಾಲಿಗೆ ಮೆತ್ತಿಕೊಂಡರೆ ನೀರಿಗೆ ಹೋಗುತ್ತಿರಲಿಲ್ಲ. ಕೊಬ್ಬರಿ ಎಣ್ಣೆಯನ್ನೋ ಚಿಮಣಿ ಎಣ್ಣೆಯನ್ನೋ ಹಚ್ಚಿ ತಿಕ್ಕಬೇಕು. ಅಪ್ಪ ಒಂದು ಉಂಡೆಯನ್ನು ಕೋಲಿನಲ್ಲಿ ಚುಚ್ಚಿ ತಂದು ಅಂಗಳದಲ್ಲಿ ಅಣ್ಣನ ಮುಂದೆ ಹಿಡಿದ. "ಇದು ನಿಮ್ಮ ಕಡೆದಾ?" ಎಂದ.

"ಗೊತ್ತಿಲ್ಲ, ಅಪ್ಪ. ಎಣ್ಣೆ ಹಡಗು ತೊಳ್ದು ಬಿಟ್ಟ ನೀರಿಂದೂ ಆಗಿರ್ಬಹುದು. ಯಾರ್ದು ಅಂತ ಹೇಳೂದು ಹೆಂಗೆ?"

ಅಪ್ಪ ಕೋಲನ್ನು ಬೇಲಿಗೆ ಒರಗಿಸಿ ಕೈ ತೊಳೆಯಲು ಹೋದ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಳದೀಪುರದ ಹತ್ತಿರದ ಶಾಲೆಯಲ್ಲಿದ್ದೆ. ಬಸ್ಸಿನಲ್ಲಿ ಹೋಗಿ ಬರುವುದು. ಒಂದು ವರ್ಷ ಮಳೆಗಾಲ ಮುಗಿದು ಸಮುದ್ರ ತಿಳಿಯಾದ ಮೇಲೆ ದೂರದಲ್ಲೊಂದು ಬಿಳಿ ಹಡಗು ಕಾಣಿಸಿಕೊಂಡಿತು. ಬಂದರಿಗೂ ಬಾರದೆ, ಮುಂದೂ ಹೋಗದೆ, ನೇಗಿಲು ಹೂಡಿದ ಹಾಗೆ ಒಂದೇ ಕಡೆ ಆಚೆ-ಈಚೆ ತಿರುಗುತ್ತಿತ್ತು. ಎಣ್ಣೆ ಹುಡುಕುವ ಹಡಗು ಎಂಬ ಸುದ್ದಿ ಬಂತು. ಆ ಸುದ್ದಿ ಮನೆ ಮನೆ ತಿರುಗುವಷ್ಟರಲ್ಲಿ ಜನರ ಬಾಯಲ್ಲಿ ಎಣ್ಣೆ ಸಿಕ್ಕೇಬಿಟ್ಟಿತ್ತು. ಇಲ್ಲಿ ದೊಡ್ಡ ಬಂದರು ಆಗುತ್ತದೆ ಎಂದರು, ಆಸ್ಪತ್ರೆ ಬರುತ್ತದೆ ಎಂದರು. ಭಟ್ಕಳದಿಂದ ಮೀನು ಕೊಳ್ಳಲು ಬರುತ್ತಿದ್ದ ವ್ಯಾಪಾರಿಯೊಬ್ಬರ ಅಳಿಯಂದಿರೆಲ್ಲ ಗಲ್ಫಿನಲ್ಲಿದ್ದರು. ಅಲ್ಲಿ ಮರಳಿನ ಮೇಲೆ ಎದ್ದ ಊರುಗಳ ವರ್ಣನೆಯನ್ನು ಅವರು ಮೀನು ತೂಗುತ್ತಲೇ ಹೇಳುತ್ತಿದ್ದರು. ನಮ್ಮ ಹೆಂಗಸರು ಬುಟ್ಟಿ ಕೆಳಗಿಟ್ಟು ಕೇಳುತ್ತಿದ್ದರು.

ಆ ದಿನಗಳಲ್ಲಿ ಅತ್ತಿಗೆಯ ನಡಿಗೆಯೇ ಬೇರೆಯಾಗಿತ್ತು. ಅಕ್ಕಿ ಆರಿಸುವಾಗ, ಗುಡಿಸುವಾಗ ಹಾಡು ಹೇಳುವಳು. ಆ ನಡುವೆ ಹುಟ್ಟಿದ್ದ ಮಗಳಿಗೆ ತಲೆ ಬಾಚುತ್ತ, "ನಿನ್ನ ಅಪ್ಪ ಇಲ್ಲೇ ಕೆಲಸಕ್ಕೆ ಬತ್ತ್ರು ಕಾಣು. ಸಂಜೆಗೆ ಮನೆಗೆ ಬತ್ತ್ರು" ಎನ್ನುವುದು ನನ್ನ ಕಿವಿಗೆ ಬಿತ್ತು. ಆ ಮಗು ತಂದೆಯನ್ನು ಕಂಡರೆ ಅತ್ತಿಗೆಯ ಸೆರಗಿನ ಹಿಂದೆ ಅಡಗಿಕೊಳ್ಳುತ್ತಿತ್ತು. ರಜೆ ಮುಗಿಯುವ ಹೊತ್ತಿಗೆ ಸಲುಗೆ ಬೆಳೆಯುತ್ತಿತ್ತು, ಅಷ್ಟರಲ್ಲಿ ಅಣ್ಣ ಹೊರಟು ನಿಂತಿರುತ್ತಿದ್ದ.

ಅಪ್ಪನಿಗೆ ಕಾಮಾಲೆಯಾಗಿ ಅಣ್ಣ ಆ ಸಲ ಮಳೆಗಾಲಕ್ಕೆ ಕಾಯದೆ ಬಂದಿದ್ದ. ಅವನು ಬಂದ ವಾರದಲ್ಲೇ ಶಾಲೆಯಲ್ಲಿ ಸಭೆ ಸೇರಿಸಿದರು. ಹಡಗಿನ ಕಡೆಯ ಅಧಿಕಾರಿಯೊಬ್ಬರು, ಅವರ ಜೊತೆ ತಾಲೂಕು ಕಚೇರಿಯ ಗುಮಾಸ್ತರು ಬಂದಿದ್ದರು. ಅಧಿಕಾರಿ ನಡುವಯಸ್ಸಿನವರು, ಬಿಸಿಲಿಗೆ ಮೂಗು ಸುಲಿದಿತ್ತು. ಸೌಮ್ಯ ಮಾತು. ಅವರಿಗೆ ಕನ್ನಡ ಬಾರದು. ಗಂಡಸರಲ್ಲಿ ಬೊಂಬಾಯಿ ಕಂಡವರಿಗೆ ಹಿಂದಿ ತಿಳಿಯುತ್ತಿತ್ತು. ಉಳಿದವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು, ಶಾಲೆಯ ಅಕ್ಕೋರು ಎಂಬ ಕಾರಣಕ್ಕೆ.

ಹಡಗಿನ ಹಿಂದೆ ಉದ್ದದ ಕೇಬಲ್ಲು ಎಳೆಯುತ್ತಾರೆ, ಅದು ಹೋಗುವ ದಾರಿಯಲ್ಲಿ ಸ್ವಲ್ಪ ದಿನ ಬಲೆ ಬಿಡಬಾರದು, ಇಷ್ಟೇ ಅವರ ಕೋರಿಕೆ. ನೀರಿನಲ್ಲಿ ಗಾಳಿಯ ಹೊಡೆತ ಕೊಟ್ಟು, ನೆಲದಡಿಯಿಂದ ತಿರುಗಿ ಬರುವ ಸದ್ದು ಕೇಳುತ್ತಾರಂತೆ. ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ತಿಳಿಯದೆ, "ಹಲಸಿನಕಾಯಿ ಬೆಳ್ದದ್ಯಾ ಇಲ್ವಾ ಅಂತ ತಟ್ಟಿ ನೋಡೂದಿಲ್ವಾ, ಹಂಗೆ" ಎಂದೆ. ಎಲ್ಲರಿಗೂ ತಿಳಿಯಿತು.

"ಬೆಳ್ದದ್ದು ಇದ್ರೆ?" ಎಂದು ಹಿರಿಯರೊಬ್ಬರು ಕೇಳಿದರು.

ಇರಲೂಬಹುದು, ಇಲ್ಲದಿರಲೂಬಹುದು ಎಂದರು ಅಧಿಕಾರಿ. ಇದ್ದರೂ ತೆಗೆಯುವ ಹೊತ್ತಿಗೆ ಎಷ್ಟೋ ವರ್ಷ ಹಿಡಿಯುತ್ತದೆ ಎಂದರು.

ಕಿಟಕಿಯ ಹತ್ತಿರ ನಿಂತಿದ್ದ ಅತ್ತಿಗೆ ನನ್ನ ಸೆರಗು ಜಗ್ಗಿದಳು. "ಕೇಳು. ಇಲ್ಲಿ ಎಣ್ಣೆ ಸಿಕ್ಕಿದ್ರೆ, ಬೊಂಬಾಯಿಲಿ ಅದೇ ಕೆಲಸ ಮಾಡೂ ನಮ್ಮ ಊರವ್ರಿಗೆ ಇಲ್ಲೇ ಕೆಲಸ ಕೊಡ್ತ್ರಾ?"

ನಾನು ಕೇಳಿದೆ. ಅಧಿಕಾರಿ ಕಿಟಕಿಯ ಕಡೆ ನೋಡಿ, ಕೆಲಸ ಗೊತ್ತಿದ್ದವರು ಯಾವಾಗಲೂ ಬೇಕಾಗುತ್ತಾರೆ, ಆದರೆ ನಾನು ಮಾತು ಕೊಡಲಾರೆ ಎಂದರು. ಅತ್ತಿಗೆ ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡಳು.

ಆಗ ಯಾರೋ ಅಣ್ಣನ ಕಡೆ ತಿರುಗಿದರು. "ಇಂವ ಅಲ್ಲೇ ಇದ್ದವ. ಇಂವನ್ನೇ ಕೇಳಿ. ಹೇಳು ಮಾರಾಯ, ಊರಿಗೆ ಒಳ್ಳೇದಾ ಅಲ್ವಾ?"

ಅಣ್ಣ ಎದ್ದು ನಿಂತ. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಅಪ್ಪನ ಬದಲಿಗೆ ಬಂದು ಕೂತವನು. ಬೆಂಚಿನ ಅಂಚು ಹಿಡಿದುಕೊಂಡು ನಿಧಾನವಾಗಿ ಹೇಳಿದ. ಆ ಬೆಂಕಿಯ ಸಂಗತಿ ಹೇಳಿದ. ಒಂದು ಬಾವಿ ಕೊರೆದರೆ ಅಷ್ಟಕ್ಕೆ ನಿಲ್ಲುವುದಿಲ್ಲ, ಒಂದರ ಪಕ್ಕ ಇನ್ನೊಂದು ಬರುತ್ತದೆ ಎಂದ. ಕಟ್ಟೆಯ ಸುತ್ತ ದೋಣಿಗಳು ಸುಳಿಯುವ ಹಾಗಿಲ್ಲ ಎಂದ. ಕೊನೆಗೆ, "ನಂಗೆ ಅದರಿಂದ ಅನ್ನ ಸಿಗ್ತಾ ಅದೆ, ಸುಳ್ಳು ಹೇಳೂದಿಲ್ಲ. ಆದ್ರೆ ನಂಗೆ ಕಾಣೂದು, ಇಲ್ಲಿ ಸಿಕ್ಕಿದ್ರೂ ಅಲ್ಲೇ ಇರ್ಲಿ. ಎಷ್ಟೋ ಕಾಲದಿಂದ ಅಲ್ಲೇ ಇದ್ದದ್ದು. ಇನ್ನಷ್ಟು ಕಾಲ ಇದ್ರೆ ಯಾರಿಗೆ ಎಂತ ನಷ್ಟ?" ಎಂದ.

ಎರಡು ಬೋಟು ಇಟ್ಟಿದ್ದ ಒಬ್ಬರು ಹಿಂದಿನ ಬೆಂಚಿನಿಂದ ಕೇಳಿದರು, "ಆತು, ಅಲ್ಲೇ ಇರ್ಲಿ. ನನ್ನ ಬೋಟಿಗೆ ಎಂತ ಹಾಕೂದು? ಗಂಜಿ ತಿಳಿಯಾ?"

ಎಲ್ಲರೂ ನಕ್ಕರು. ಅಣ್ಣನೂ ಸ್ವಲ್ಪ ನಕ್ಕ. "ಅದು ನಂಗೆ ಗೊತ್ತಿಲ್ಲ" ಎಂದು ಹೇಳಿ ಕೂತ.

ನಾನು ಅದನ್ನೆಲ್ಲ ಹಿಂದಿಗೆ ತಿರುಗಿಸಿ ಅಧಿಕಾರಿಗೆ ಹೇಳಿದೆ. ಅವರು ನಗಲಿಲ್ಲ. ಹುಡುಕುವುದಷ್ಟೇ ನಮ್ಮ ಕೆಲಸ, ತೆಗೆಯುವುದೋ ಬಿಡುವುದೋ ಮೇಲಿನವರ ತೀರ್ಮಾನ ಎಂದರು. ಸಭೆ ಮುಗಿದು ಅವರು ನಕ್ಷೆ ಸುತ್ತುತ್ತಿರುವಾಗ ನಾನು ಕೇಳಿದೆ, ಸಿಕ್ಕಿದ ಮೇಲೆ ಎಲ್ಲಾದರೂ ತೆಗೆಯದೆ ಬಿಟ್ಟದ್ದು ಇದೆಯೇ ಎಂದು. ಅವರು ಸುತ್ತುವುದನ್ನು ನಿಲ್ಲಿಸಿ ಯೋಚಿಸಿದರು. ಸಿಕ್ಕಿದ್ದು ಸ್ವಲ್ಪವೇ ಆದರೆ ಬಿಟ್ಟಿದ್ದೇವೆ, ಸಾಕಷ್ಟು ಸಿಕ್ಕಿದ ಮೇಲೆ ಬಿಟ್ಟದ್ದು ನನ್ನ ತಿಳಿವಳಿಕೆಯಲ್ಲಿ ಇಲ್ಲ ಎಂದರು. ಮರೆಮಾಚದೆ ಹೇಳಿದರು ಎಂದು ನನಗೆ ಅವರ ಮೇಲೆ ಗೌರವ ಬಂತು. ಎಳನೀರು ಕುಡಿದು ಜೀಪು ಹತ್ತಿದರು.

ಅತ್ತಿಗೆ ಆ ದಿನ ಅಣ್ಣನ ಜೊತೆ ಮಾತಾಡಲಿಲ್ಲ, ಮರುದಿನವೂ ಇಲ್ಲ. ಇಳಿತದ ಹೊತ್ತಿಗೆ ಬಳಚಿನ ಚಿಪ್ಪು ಆರಿಸಲು ನನ್ನನ್ನು ಶರಾವತಿಯ ಹೊಳೆಬಾಯಿಗೆ ಕರೆದುಕೊಂಡು ಹೋದಳು. ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ, ಕೆಸರಿನೊಳಗೆ ಬೆರಳಾಡಿಸಿ, ಚಿಪ್ಪು ಸಿಕ್ಕಿದ್ದನ್ನು ಬುಟ್ಟಿಗೆ ಹಾಕುತ್ತಿದ್ದಳು. ಸಣ್ಣದನ್ನು ಅಲ್ಲೇ ಬಿಡುತ್ತಿದ್ದಳು, ನಾವೆಲ್ಲ ಹಾಗೇ ಮಾಡುವುದು. ಬಹಳ ಹೊತ್ತಿನ ಮೇಲೆ ತಲೆಯೆತ್ತದೆ ಹೇಳಿದಳು.

"ನಿನ್ನ ಅಣ್ಣಂಗೆ ಹಕ್ಕಿ ಮೇಲೆ ಅಷ್ಟು ಕರುಣೆ ಅದೆ. ನಾ ಒಬ್ಬಳೇ ಎಷ್ಟು ವರ್ಷ ಕಳ್ದೆ, ಅದಕ್ಕೆ?"

ಅಣ್ಣ ಹೇಳಿದ್ದು ಸರಿ ಎಂದು ನನಗೆ ಅನಿಸಿತ್ತು. ಅವಳು ಕೇಳುವುದೂ ಸರಿಯೇ. "ನೀನೇ ಅವನ್ನ ಕೇಳು" ಎಂದೆ.

ಅವಳು ಕೇಳಿದಳು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಅವರಿಬ್ಬರೂ ಬಾವಿಕಟ್ಟೆಯ ಹತ್ತಿರ ಇದ್ದರು. ಅಣ್ಣ ನೀರು ಸೇದುತ್ತಿದ್ದ. ಇಬ್ಬರ ದನಿಯೂ ಏರಿರಲಿಲ್ಲ. ಆದರೆ ನಮ್ಮ ಅಂಗಳ ದೊಡ್ಡದಲ್ಲ.

"ನೀವು ಬರೂದು ಬೇಡ ಅಂತ ಆತಲ್ಲ, ಊರೆಲ್ಲ ಕೇಳೂ ಹಂಗೆ."

"ಹಂಗಲ್ಲ. ಆ ಬೆಂಕಿ ಇಲ್ಲಿ ಬಂದ್ರೆ ನಾ ಬಂದು ಎಂತ ಮಾಡೂದು? ಈ ದಂಡೆ ಈ ದಂಡೆಯಾಗಿ ಇರೂದಿಲ್ಲ."

"ಹಾಗಾರೆ ಅಲ್ಲಿ ದಂಡೆಲಿ ಮನೆ ಇದ್ದವ್ರು? ಅವ್ರ ಸಮುದ್ರದಲ್ಲಿ ತೆಗೀಬಹುದು, ನಮ್ಮದ್ರಲ್ಲಿ ಬೇಡ?"

ಅಣ್ಣ ಕೊಡವನ್ನು ಬಾವಿಕಟ್ಟೆಯ ಮೇಲೆ ಇಟ್ಟ. "ಅಲ್ಲೂ ಬೇಡ ಅಂತ ಹೇಳ್ಬೇಕು. ಆದ್ರೆ ಹಂಗೆ ಹೇಳಿ ನಾ ನಾಳೆ ಎಲ್ಲಿಗೆ ಹೋಗೂದು, ಹೇಳು" ಎಂದ.

ಅತ್ತಿಗೆ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಅವಳ ಸಿಟ್ಟು ಅಲ್ಲಿಗೆ ಇಳಿಯಿತೋ ಏನೋ, ಮಧ್ಯಾಹ್ನ ಅವನಿಗೆ ಬಡಿಸಿದಳಂತೆ, ಅವ್ವ ಹೇಳಿದಳು. ಮುಂದಿನ ವಾರ ಅಪ್ಪ ಎದ್ದು ಓಡಾಡತೊಡಗಿದ ಮೇಲೆ ಅಣ್ಣ ಬೊಂಬಾಯಿಗೆ ಹೋದ. ಬಸ್ಸಿನ ತನಕ ಅತ್ತಿಗೆಯೇ ಚೀಲ ಹೊತ್ತಳು.

ಬಿಳಿ ಹಡಗು ಇನ್ನೂ ಕೆಲವು ದಿನ ತಿರುಗಿತು. ಅದರ ಸದ್ದಿಗೆ ಮೀನು ಹೆದರಿ ಓಡಿತು ಎಂದರು ಕೆಲವರು. ಆ ವರ್ಷ ಮೀನು ಕಡಿಮೆಯಿದ್ದದ್ದು ನಿಜ. ಹಡಗಿನಿಂದಲೇ ಹೌದೋ ಅಲ್ಲವೋ ಹೇಳುವವರು ಯಾರು? ಒಂದು ಬೆಳಿಗ್ಗೆ ನೋಡಿದರೆ ಅದು ಇರಲಿಲ್ಲ. ಮತ್ತೆ ಬರುತ್ತದೆ ಎಂದು ಕಾದರು. ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಇಲ್ಲಿ ಹೇಳುವಂಥದ್ದು ಏನೂ ಸಿಗಲಿಲ್ಲವಂತೆ ಎಂಬ ಮಾತು ಯಾರ ಬಾಯಿಂದಲೋ ಬಂತು. ಬೋಟಿನವರು ಅಣ್ಣನನ್ನು ಕಂಡಾಗ, "ನೀ ಹೇಳ್ದ ಹಂಗೇ ಆತಲ್ಲ ಮಾರಾಯ, ಅಲ್ಲೇ ಉಳೀತು" ಎಂದು ತಮಾಷೆ ಮಾಡುತ್ತಿದ್ದರು. ಅಣ್ಣನಿಗೆ ಅದು ಹಿಡಿಸುತ್ತಿರಲಿಲ್ಲ. "ಇಲ್ಲದ್ದು ಉಳಿದ್ರೆ ಅದು ಬಿಟ್ಟ ಹಂಗಾ?" ಎಂದು ನನ್ನ ಹತ್ತಿರ ಒಮ್ಮೆ ಹೇಳಿದ.

ಆ ಮಾತನ್ನು ನಾನು ಬಹಳ ಸಲ ನೆನೆದಿದ್ದೇನೆ. ಬಿಡುವುದು ಎಂದರೆ ಕೈಗೆ ಸಿಕ್ಕಿದ್ದನ್ನು ಬಿಡುವುದು. ಕಲ್ಲಿದ್ದಲು, ಪೆಟ್ರೋಲು ಎಲ್ಲೆಲ್ಲಿ ಸಿಗುತ್ತವೆ ಎಂದು ನಾನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಮಾಡಿದೆ, ನಕ್ಷೆಯಲ್ಲಿ ಗುರುತು ಹಾಕಿಸಿದೆ. ಎಲ್ಲಿ ಬಿಡಬೇಕು ಎಂಬ ಪಾಠ ಪುಸ್ತಕದಲ್ಲಿ ಇರಲಿಲ್ಲ. ಈಗ ಪೇಪರಿನಲ್ಲಿ ಓದುತ್ತೇನೆ: ಭೂಮಿಯ ಕಾವು ಏರುತ್ತಿದೆ, ಸಿಕ್ಕಿರುವ ಎಣ್ಣೆ-ಕಲ್ಲಿದ್ದಲಲ್ಲೇ ಬಹುಪಾಲನ್ನು ನೆಲದೊಳಗೆ ಬಿಡಬೇಕು ಎಂದು ದೇಶ ದೇಶದವರು ಕೂತು ಮಾತಾಡುತ್ತಾರೆ. ಯಾರು ಮೊದಲು ಬಿಡುವುದು, ಬಿಟ್ಟವರಿಗೆ ಉಳಿದವರು ಏನು ಮಾಡುವುದು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ನನಗೆ ಆಶ್ಚರ್ಯವಾಗುವುದಿಲ್ಲ. ಬಿಡಬೇಕು ಎಂಬವರ ಕಡೆಯೇ ನಾನಿದ್ದೇನೆ, ಆವತ್ತೂ ಇದ್ದೆ. ಆದರೆ ಗಂಡ ಸಂಜೆಗೆ ಮನೆಗೆ ಬರಲಿ ಎಂದು ಕಿಟಕಿಯ ಹತ್ತಿರ ನಿಂತು ಕೇಳುವವಳೊಬ್ಬಳು ಎಲ್ಲ ಊರಿನಲ್ಲೂ ಇರುತ್ತಾಳೆ. ಅವಳಿಗೆ ಉತ್ತರ ಹುಡುಕದೆ ಬಿಡಿ ಎಂದರೆ ಅವಳು ಯಾಕೆ ಕೇಳುತ್ತಾಳೆ?

ಅಣ್ಣನ ಕತೆ ಹೇಳಿ ಮುಗಿಸುತ್ತೇನೆ. ಎಂಬತ್ತರ ದಶಕದ ನಡುವಿನಲ್ಲಿ ಒಂದು ಮಳೆಗಾಲಕ್ಕೆ ಬಂದವನು ತಿರುಗಿ ಹೋಗಲಿಲ್ಲ. ಎಂಜಿನ್ನುಗಳ ಸದ್ದಿಗೆ ಒಂದು ಕಿವಿ ಮಂದವಾಗಿತ್ತು. ಮಗಳು ಶಾಲೆಯಲ್ಲಿ ಅಪ್ಪನ ಬಗ್ಗೆ ಬರೆ ಎಂದರೆ ಅಜ್ಜನ ಬಗ್ಗೆ ಬರೆದಿದ್ದಳು. ಎರಡರಲ್ಲಿ ಯಾವುದು ಕಾರಣವೆಂದು ಅವನು ಹೇಳಲಿಲ್ಲ. ಹೊನ್ನಾವರದಲ್ಲಿ ಡೀಸೆಲ್ ಬೋಟೊಂದಕ್ಕೆ ಡ್ರೈವರನಾಗಿ ಸೇರಿದ. "ಇದೂ ಅದೇ ಎಣ್ಣೆ ಅಲ್ವಾ, ಅಣ್ಣ?" ಎಂದು ನಾನು ಕೇಳಿದಾಗ, "ಅದೇ. ಎಂತ ಮಾಡೂದು? ರಂಪಣಿ ಎಳೆಯೂಕೆ ಜನ ಎಲ್ಲಿದ್ರು?" ಎಂದ.

ಹಿಂದೆ ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವ ಮಾತೇ ಇರಲಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಶ್ರಾವಣದ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವುದು. ಎಂಜಿನ್ನು ಬಂದ ಮೇಲೆ ಕೆಲವರಿಗೆ ಆಷಾಢದಲ್ಲೂ ಸಿಗಡಿ ಹಿಡಿಯಬಹುದು ಅನಿಸಿತು. ಒಂದು ವರ್ಷ ಅಣ್ಣನ ಬೋಟಿನ ಮಾಲಕರೂ ಹೊರಡು ಎಂದರು. ಅಣ್ಣ ಒಲ್ಲೆ ಎಂದ. "ಹೋಗೂಕೆ ಬತ್ತದೆ ಅಂತ ಹೋಗೂದಾ?" ಎಂದನಂತೆ. ಮಾಲಕರು ಬೇರೆ ಡ್ರೈವರನನ್ನು ಕರೆದರು. ಆ ಬೋಟು ಸುರಕ್ಷಿತವಾಗಿ ಹೋಗಿ, ಒಳ್ಳೆಯ ಸಿಗಡಿ ಹಿಡಿದು ಬಂತು. ಮಳೆಗಾಲ ಮುಗಿದ ಮೇಲೂ ಹೊಸ ಡ್ರೈವರನೇ ಉಳಿದ.

ಈ ಸಲ ಅತ್ತಿಗೆ ಸಿಟ್ಟಾಗುತ್ತಾಳೆಂದು ನಾನು ಹೆದರಿದ್ದೆ. ಅವಳು ಆಗಲಿಲ್ಲ. ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಮನೆ ಮನೆಗೆ ಮಾರಿ ಬಂದಳು. ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ, "ಇದು ಅವ್ರ ಕೈಲಿದ್ದದ್ದು. ಬಿಟ್ರು. ಸಾಕು" ಎಂದಳು.

ನಮ್ಮಲ್ಲಿ ಮೀನು ಕೊಳ್ಳುತ್ತಿದ್ದ ಆ ವ್ಯಾಪಾರಿಯ ಮಾತಿನ ಮೇಲೆ ಅಣ್ಣನಿಗೆ ಭಟ್ಕಳದ ಬಂದರಿನಲ್ಲಿ ಇನ್ನೊಂದು ಬೋಟು ಸಿಕ್ಕಿತು. ಅದರ ಮಾಲಕರು ಆಷಾಢದಲ್ಲಿ ಬೋಟು ದಂಡೆಗೆ ಎಳೆದಿಡುವವರು. ಮೊದಲು ವಾರಕ್ಕೊಮ್ಮೆ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದ. ಮರುವರ್ಷ ಬಂದರಿನ ಹತ್ತಿರವೇ ಒಂದು ಬಾಡಿಗೆ ಮನೆ ಹಿಡಿದು ಅತ್ತಿಗೆಯನ್ನೂ ಮಗಳನ್ನೂ ಕರೆಸಿಕೊಂಡ. ನಾನು ಒಂದು ಭಾನುವಾರ ಹೋದಾಗ ಅತ್ತಿಗೆ ಪಕ್ಕದ ಮನೆಯ ಹೆಂಗಸಿನ ಜೊತೆ ಅರ್ಧ ಅಲ್ಲಿಯ ಮುಸ್ಲಿಮರ ನವಾಯತಿ, ಅರ್ಧ ಕನ್ನಡದಲ್ಲಿ ಮಾತಾಡುತ್ತ ಮೀನು ಕೊಯ್ಯುತ್ತಿದ್ದಳು. ಅಣ್ಣ ಹೊಸ್ತಿಲಲ್ಲಿ ಕೂತು ಮಗಳ ಗಣಿತ ನೋಡುತ್ತಿದ್ದ. ಅವನಿಗೆ ಲೆಕ್ಕ ಬರುತ್ತಿರಲಿಲ್ಲ, ಮಗಳು ತಿದ್ದುತ್ತಿದ್ದಳು. ಊಟಕ್ಕೆ ಇದ್ದು ಹೋಗು ಎಂದು ಅತ್ತಿಗೆ ಒಳಗಿನಿಂದ ಕೂಗಿದಳು. ನಾನು ಚಪ್ಪಲಿ ಕಳಚಿ ಒಳಗೆ ಹೋದೆ.